ಅಂಗೈಗೆ ಬಿದ್ದ ಸಾಂಬಾರು

ನನ್ನ ಗಂಡ ಜನಾರ್ದನರಿಗೆ ಬೆಳಿಗ್ಗೆ ಎದ್ದರೆ ದೇವರಿಗಿಂತ ಮೊದಲು ಸಾಂಬಾರು. ಸೂರತ್ತಿನ ಪಾಂಡೇಸರಾದಲ್ಲಿ ನಮ್ಮದೊಂದು ಉಡುಪಿ ಹೋಟೆಲು. ಅಡುಗೆಯ ರಘುರಾಮ ಸೌಟಿನಿಂದ ಒಂದಿಷ್ಟು ಅಂಗೈಗೆ ಹಾಕಬೇಕು, ಇವರು ನೆಕ್ಕಿ "ಹ್ಞೂಂ" ಅನ್ನಬೇಕು, ಆಮೇಲೆಯೇ ಬಾಗಿಲು ತೆಗೆಯುವುದು. ಬೆಲ್ಲ ಚೂರು ಹೆಚ್ಚಾದರೂ ರಘುರಾಮನ ಏಳು ತಲೆಮಾರಿಗೂ ಬೈಗುಳ. ಗುಜರಾತಿ ಗಿರಾಕಿಗಳು ಸಿಹಿ ಕೇಳಿದರೆ, "ಬೇಕಾದರೆ ಜಿಲೇಬಿ ತಿನ್ನಲಿ!" ಅನ್ನುವ ಜನ ಇವರು.

ತೊಂಬತ್ತಾರನೇ ಇಸವಿಯಲ್ಲಿ ಇವರ ಕುತ್ತಿಗೆಯ ಗಂಟು ಕ್ಯಾನ್ಸರ್ ಅಂತಾಯಿತು. ಅಹಮದಾಬಾದಿನ ಆಸ್ಪತ್ರೆಗೆ ರೈಲಿನಲ್ಲಿ ಹೋಗಿ ಕೆಂಪು ಮದ್ದು ನರಕ್ಕೆ ಏರಿಸಿಕೊಂಡು ಬರುವುದು, ಬರುವಾಗ ದಾರಿಯುದ್ದಕ್ಕೂ ವಾಂತಿ. ಪುಟ್ಟ ಬಕೆಟು ಹಿಡಿದುಕೊಂಡೇ ನಾನು ವಡೋದರಾ ದಾಟುತ್ತಿದ್ದೆ. ಕೂದಲು ಹೋಯಿತು, ಮೀಸೆಯೂ ಹೋಯಿತು. ಅದಕ್ಕೆಲ್ಲ ಜಗ್ಗಲಿಲ್ಲ ಪುಣ್ಯಾತ್ಮ. ನಾಲಿಗೆ ಸತ್ತಾಗ ಮಾತ್ರ ಕುಸಿದು ಕೂತರು. ಏನು ತಿಂದರೂ ತುಕ್ಕು ಹಿಡಿದ ಮೊಳೆ ಚೀಪಿದ ಹಾಗಾಗುತ್ತದೆ ಅನ್ನುತ್ತಿದ್ದರು.

ಕೊನೆಯ ಡ್ರಿಪ್ ಮುಗಿಯಿತು. ಗಂಟು ಕರಗಿದೆ ಅಂತ ಡಾಕ್ಟರು ನಕ್ಕರು. ನಾನು ತುಪ್ಪದ ದೀಪ ಹಚ್ಚಿದರೆ ಇವರು ಮುಖ ಊದಿಸಿಕೊಂಡಿದ್ದರು.

"ರುಚಿಯೇ ತಿಳಿಯದವ ಗಲ್ಲಾದಲ್ಲಿ ಕೂತು ಎಂತ ಮಾಡುವುದು? ಹೋಟೆಲು ಮಾರಿಬಿಡುವ, ಶಕುಂತಲಾ."

"ಜೀವ ಉಳಿದದ್ದು ಸಾಲದಾ ನಿಮಗೆ?" ಅಂತ ಜಗಳಕ್ಕೇ ನಿಂತೆ. ಒಳಗೊಳಗೆ ನನಗೆ ಹೆದರಿಕೆ. ಹೋಟೆಲು ಬಿಟ್ಟರೆ ಈ ಮನುಷ್ಯ ಉಳಿಯುವುದಿಲ್ಲ ಅಂತ ಗೊತ್ತಿತ್ತು.

ಆದರೂ ಇವರು ಅಂಗೈ ಒಡ್ಡುವುದನ್ನು ಬಿಡಲಿಲ್ಲ. ದಿನಾ ನೆಕ್ಕುವುದು, ಏನೂ ತಿಳಿಯದೆ "ಹ್ಞೂಂ" ಅನ್ನುವುದು. ಬೈಯುವವರಿಲ್ಲ ಅಂತಾದ ಮೇಲೆ ಕೇಳಬೇಕಾ? ಗಿರಾಕಿಗಳು ಹೊಗಳಿದ ಹಾಗೆಲ್ಲ ರಘುರಾಮ ಬೆಲ್ಲ ಏರಿಸುತ್ತಾ ಹೋದ.

ಹೋಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಇವರು ನೆಕ್ಕಿದವರು ಹಾಗೇ ನಿಂತರು. ಕೈ ಒಡ್ಡಿ ಇನ್ನೊಮ್ಮೆ ಹಾಕಿಸಿಕೊಂಡರು. ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು: "ಎಂತ ಮಾರಾಯ ಇದು? ಸಾಂಬಾರಾ, ಪಾಯಸವಾ? ನಿನ್ನ ಮದುವೆಗೆ ಮಾಡಿದ್ದಾ?"

ರಘುರಾಮ ಸೌಟು ಹಿಡಿದುಕೊಂಡೇ ಅಳಲಿಕ್ಕೆ ಶುರುಮಾಡಿದ. "ಅಮ್ಮಾ, ಧಣಿಗಳಿಗೆ ಸಿಹಿ ಗೊತ್ತಾಯ್ತು!"

ಅಯ್ಯೋ ದೇವರೇ, ಎಷ್ಟು ತಿಂಗಳಿಂದ ಕಾದಿದ್ದೆ ಆ ಬೈಗುಳಕ್ಕೆ! ಎದೆಯ ಮೇಲಿದ್ದ ಕಲ್ಲು ಇಳಿದು, ನಾನೂ ಅಲ್ಲೇ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ.

ಇವರು ಇಬ್ಬರನ್ನೂ ದುರುಗುಟ್ಟಿ ನೋಡಿದರು. "ಅಳಲಿಕ್ಕೆ ಎಂತ ಉಂಟು? ಹುಣಸೆಹಣ್ಣು ತನ್ನಿ. ಹೊರಗೆ ಗಿರಾಕಿಗಳು ಕಾಯ್ತಾ ಇದ್ದಾರೆ."