ಜೀವಕೋಶದ ಅಳತೆ ಮತ್ತು ನಮ್ಮ ಮನೆಯ ಒಲೆ

ಅಣುವಿಗೂ ಒಂದು ಅಳತೆಯನ್ನಿರಿಸಿದ ಪರಶಿವನಿಗೂ, ಅದನ್ನು ಕಾಣುವಂತೆ ಕಣ್ಣು ತೆರೆಸಿದ ಹಿರಿಯರಿಗೂ ಮೊದಲು ತಲೆಬಾಗುತ್ತೇನೆ.

ಮೊನ್ನೆ ಮೊಮ್ಮಗಳು ಉಳ್ಳಾಗಡ್ಡಿಯ ತೆಳುಪೊರೆಯನ್ನು ಗಾಜಿನ ಮೇಲೆ ಹರಡಿ, ಸೂಕ್ಷ್ಮದರ್ಶಕದಲ್ಲಿ ನನಗೆ ಜೀವಕೋಶ ತೋರಿಸಿದಳು. ನನಗೆ ಮೊದಲು ಕಂಡದ್ದು ನನ್ನದೇ ರೆಪ್ಪೆಗೂದಲು. ಅದನ್ನೇ ಕೋಶವೆಂದು ಬಗೆದು ಒಂದಿಷ್ಟು ಹೊಗಳಿಯೂ ಬಿಟ್ಟಿದ್ದೆ. ನಕ್ಕು ಮುಗಿದ ಮೇಲೆ ಅವಳು ಕೇಳಿದಳು: ಇವು ಇಷ್ಟು ಸಣ್ಣವಾಗಿಯೇ ಏಕೆ ಉಳಿಯುತ್ತವೆ? ಆನೆಯ ಮೈಯಲ್ಲಾದರೂ ದೊಡ್ಡವಿರಬಾರದೆ?

ಓದುಗರೆ, ಈ ಪ್ರಶ್ನೆಗೆ ಉತ್ತರ ನನಗೆ ದೊರೆತದ್ದು ಸಂಸ್ಥಾನದ ಕಾಲದಲ್ಲಿ, ಬನಹಟ್ಟಿಯ ನಮ್ಮ ನೇಕಾರ ಮನೆಯ ಹಿತ್ತಲಲ್ಲಿ. ತಂದೆಯ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಮಕ್ಕಳ ಮದುವೆಯಾದಂತೆಲ್ಲ ಆಕೆ ಪಡಸಾಲೆಯ ಹಿಂದೆ ಕೋಣೆ ಕಟ್ಟಿಸುತ್ತ ಹೋದಳು. ಒಲೆ ಮಾತ್ರ ಒಂದೇ. ಒಂದು ಸೂರಿನಡಿ ಎರಡು ಒಲೆ ಉರಿದರೆ ಮನೆ ಒಡೆಯಿತೆಂದೇ ನಮ್ಮ ಓಣಿಯ ಲೆಕ್ಕ. ಊಟವೂ ಸರದಿಯ ಮೇಲೆ: ಮೊದಲು ಮಗ್ಗದವರು, ಆಮೇಲೆ ಮಕ್ಕಳು, ಕಡೆಗೆ ಹೆಂಗಸರು, ಅವರಲ್ಲಿಯೂ ವಯಸ್ಸಿನ ಕ್ರಮ. ಎಲ್ಲರಿಗಿಂತ ಕಿರಿಯಳು ಕಾಕಾನ ಹೆಂಡತಿ, ನಮ್ಮ ಚಿಗವ್ವ. ಕಟ್ಟಕಡೆಯ ಕೋಣೆಯಲ್ಲಿ ಹಸುಗೂಸಿನೊಡನೆ ಇದ್ದಳು. ಆ ದಿನಗಳಲ್ಲಿ ಅವಳ ಎದೆಹಾಲು ಬತ್ತುತ್ತ ಬಂದು, ಕೂಸಿನ ಅಳು ಬರಬರುತ್ತ ಸಣ್ಣದಾಗಿತ್ತು. ಆಯಿ ದೃಷ್ಟಿ ತೆಗೆದಳು, ಹರಕೆ ಹೊತ್ತಳು, ಹಾಲು ಹೆಚ್ಚಲೆಂದು ಅಳವಿ ಬೀಜದ ಪಾಯಸ ಮಾಡಿಸಿದಳು. ಆ ಪಾಯಸವೂ ಸರದಿಯಲ್ಲಿಯೇ ಹೋಗಬೇಕಲ್ಲ. ಅರ್ಧ ದಾರಿಯಲ್ಲಿಯೇ ಮುಗಿಯುತ್ತಿತ್ತು. ಅದರಲ್ಲಿ ಒಂದು ಬಟ್ಟಲು ನನ್ನ ಹೊಟ್ಟೆಗೂ ಸೇರಿತ್ತೆಂದು ಈಗ ನೆನೆಯುತ್ತೇನೆ.

ಅಂಥದರಲ್ಲಿ ಜಮಖಂಡಿಯಿಂದ ನನ್ನ ಸೋದರಮಾವ ಬಂದರು. ಅವರು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಅದೇ ಹೊತ್ತಿಗೆ ಹಿತ್ತಲಲ್ಲಿ ಕಾಕಾನಿಗೆ ಆಯಿಯ ಬೈಗುಳದ ಸುರಿಮಳೆ. ಹಬ್ಬದೊಳಗೆ ಸೀರೆ ಮುಗಿಸುವ ಅವಸರದಲ್ಲಿ ಅವನು ನೂಲಿನ ಸುರುಳಿಗಳನ್ನು, ಅಂದರೆ ಲಡಿಗಳನ್ನು, ಬಿಡಿಬಿಡಿಯಾಗಿ ಅದ್ದುವ ಬದಲು ಎಲ್ಲವನ್ನೂ ಒಂದೇ ದೊಡ್ಡ ಗಂಟಾಗಿ ಬಿಗಿದು ನೀಲಿ ಬಣ್ಣದ ಹರವಿಯಲ್ಲಿ ಅದ್ದಿದ್ದ. ಹೊರಗೆ ಕಡುನೀಲಿ, ಬಿಚ್ಚಿ ನೋಡಿದರೆ ನಡುವೆ ಅಚ್ಚಬಿಳಿ. ಬಣ್ಣ ಒಳಗೆ ಇಳಿದೇ ಇರಲಿಲ್ಲ.

ಮಾವ ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ನಮ್ಮ ಮೈಯ ಕೋಶದ ಪಾಡೂ ಇದೇ ಎಂದರು. ಕೋಶಕ್ಕೆ ಅನ್ನವೂ ಗಾಳಿಯೂ ಹೊರಗಿನ ಪೊರೆಯ ಮೂಲಕವೇ ಬರಬೇಕು, ಕಸವೂ ಅಲ್ಲಿಂದಲೇ ಹೋಗಬೇಕು. ಅದರ ಉದ್ದ, ಅಗಲ, ಎತ್ತರ ಎರಡು ಪಟ್ಟಾದರೆ ಪೊರೆ ನಾಲ್ಕು ಪಟ್ಟಾಗುತ್ತದೆ; ಒಳಗಿನ ಹಸಿವಾದರೋ ಎಂಟು ಪಟ್ಟು. ಬೆಳೆದಷ್ಟೂ ಬಾಗಿಲು ಸಾಲದೆ, ನಡುವಿನ ಭಾಗ ಮೊದಲು ಸೊರಗುತ್ತದೆ.

ಆಯಿ ಬೈಯುವುದನ್ನು ನಿಲ್ಲಿಸಿ ಕೇಳಿದಳು, "ನಡುವಿಂದು ಒದರೂದಿಲ್ಲೇನು?"

"ಒದರಿದ್ರೂ ಅಲ್ಲಿಂದ ಕೇಳಬೇಕಲ್ರಿ, ಅತ್ತಿಯವರ."

"ಮತ್ತೇನ್ ಮಾಡತೈತಿ, ಸಾಯತೈತೇನು?"

"ಅಲ್ಲೀತನಕಾ ಹೋಗಗೊಡೂದಿಲ್ರಿ. ಮೊದಲ ಎರಡಾಗತೈತಿ."

"ಮುರಕೊಂಡು?"

"ಹಂಚಿಕೊಂಡು. ಒಳಗಿಂದೆಲ್ಲಾ ಎರಡಕ್ಕೂ ಇಟ್ಟಽ ಎರಡಾಗತೈತ್ರಿ."

ಮಾವ ಹೇಳಿದ್ದು ಕೋಶದ ಮಾತನ್ನಷ್ಟೇ. ನಮ್ಮ ಊಟದ ಸರದಿ ಅವರಿಗೇನು ಗೊತ್ತು? ಆಯಿ ಮಾತ್ರ ಎದ್ದು, ಒಂದೊಂದೇ ಹೊಸ್ತಿಲು ದಾಟಿ ಕಡೆಯ ಕೋಣೆಗೆ ಹೋದಳು. ನಾನೂ ಹಿಂದೆಯೇ ಹೋದೆ. ಇಂದು ಏನು ಉಂಡಿ ಎಂದು ಆಕೆ ಸೊಸೆಯನ್ನು ಕೇಳಿದ್ದು ನನಗೆ ತಿಳಿದಂತೆ ಅದೇ ಮೊದಲು.

"ಎಲ್ಲಾರದೂ ಆಗಲಿ ಬಿಡ್ರಿ ಅತ್ತಿ, ನಂದೇನೈತಿ," ಎಂದಳು ಚಿಗವ್ವ. ಬುಟ್ಟಿಯಲ್ಲಿ ಜೋಳದ ರೊಟ್ಟಿಯ ಅಂಚುಗಳಷ್ಟೇ ಉಳಿದಿದ್ದವು. ಆಯಿ ಬುಟ್ಟಿಯನ್ನೂ ನೋಡಿದಳು, ಕೂಸಿನ ಮುಖವನ್ನೂ ನೋಡಿದಳು.

ಅಂದು ಸಂಜೆಯೇ ಆ ಕೋಣೆಯ ಮಗ್ಗುಲಲ್ಲಿ ಆಯಿ ತಾನೇ ಮಣ್ಣು ಕಲಸಿ ಒಲೆ ಹೂಡಿದಳು. ಹಳೆಯ ಒಲೆಯ ಕೆಂಡವನ್ನೇ ಹೆಂಚಿನ ಮೇಲಿಟ್ಟುಕೊಂಡು, ಶಿವಸ್ಮರಣೆ ಮಾಡುತ್ತ ಮನೆಯುದ್ದಕ್ಕೂ ನಡೆದು ಬಂದು ಹೊಸದನ್ನು ಹೊತ್ತಿಸಿದಳು. ಮೊದಲ ರೊಟ್ಟಿ ಚಿಗವ್ವನ ಕೈಗೆ.

ಹೊಗೆ ಕಂಡ ನೆರೆಮನೆಯಾಕೆ ಗೋಡೆಯಾಚೆಯಿಂದಲೇ ಚುಚ್ಚಿದಳು: "ಒಂದಽ ಒಲಿ, ಒಂದಽ ಒಲಿ ಅಂತ ಓಣಿ ತುಂಬ ಹೇಳ್ಕೋತ ಅಡ್ಡಾಡಿದೆಲ್ಲಬೇ. ಈಗೇನು, ಮನಿ ಒಡೀತೇನು?"

"ಲಡಿ ಸಣ್ಣ ಮಾಡೇನವ್ವಾ," ಎಂದಳು ಆಯಿ. "ನಡುವ ಬಿಳೇ ಉಳದಿತ್ತು."

ಹಾಲು ಒಮ್ಮೆಲೇ ಬರಲಿಲ್ಲ. ಶ್ರಾವಣ ಕಳೆಯುವ ಹೊತ್ತಿಗೆ ಕೂಸಿನ ಅಳು ಬೀದಿಯ ಮಗ್ಗಗಳ ಸದ್ದನ್ನೂ ಮೀರಿ ಕೇಳಿಸತೊಡಗಿತು. ಅದನ್ನು ಕೇಳಿ ಸಿಟ್ಟಾಗುವವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ.

ಇಷ್ಟನ್ನೂ ಮೊಮ್ಮಗಳಿಗೆ ಹೇಳಿದೆ. ಒಂದೇ ಒಲೆಯಲ್ಲಿ ಉಂಡ ಮನೆತನ ನಮ್ಮದೆಂದು ನಾನು ಇಷ್ಟು ವರ್ಷ ಬೀಗರ ಮುಂದೆಲ್ಲ ಹೇಳಿಕೊಂಡು ಬಂದವನು. ಇನ್ನು ಮೇಲೆ ಎರಡನೆಯ ಒಲೆಯ ಮಾತನ್ನೂ ಜೊತೆಗೆ ಹೇಳಬೇಕು, ಅದನ್ನೇ ಮೊದಲು ಹೇಳಬೇಕು.

ಕೆಂಡ ಹೊತ್ತ ಆಯಿಗೂ, ಹಸಿವನ್ನು ಬಾಯಿಬಿಟ್ಟು ಹೇಳದ ಚಿಗವ್ವನಿಗೂ, ತಿಳಿದೋ ತಿಳಿಯದೆಯೋ ದಾರಿ ತೋರಿದ ಮಾವನಿಗೂ, ನೂಲು ಕೆಡಿಸಿ ಉಪಕಾರ ಮಾಡಿದ ಕಾಕಾನಿಗೂ, ಚುಚ್ಚಿದ ಆ ನೆರೆಯಾಕೆಗೂ ಪರಶಿವನು ಶಾಂತಿಯನ್ನೀಯಲಿ. ಅಂದಿನ ಆ ಕೂಸಿನ ಮಕ್ಕಳು ಮೊಮ್ಮಕ್ಕಳು ಎಷ್ಟು ಮನೆಗಳಾಗಿ ಹಬ್ಬಿದರೂ, ಪ್ರತಿ ಮನೆಯ ಕಡೆಯ ಕೋಣೆಗೂ ಬಿಸಿ ರೊಟ್ಟಿ ತಲುಪಲಿ.