ಮಗಳಿಗೆ ಚೇಚಿಯ ಮೂಗು

ಮೊನ್ನೆ ಮೈಸೂರಿನ ಆಯುರ್ವೇದದ ಅಂಗಡಿಯಲ್ಲಿ ಯಾರೋ ಬಾಣಂತಿಗೆ ಹಚ್ಚುವ ತೈಲದ ಬಾಟಲಿ ತೆರೆದು ಮೂಸಿದರು. ಆ ಕಟು ವಾಸನೆ ನನ್ನವರೆಗೂ ಬಂತು. ಏನು ಕೊಳ್ಳಲು ಬಂದಿದ್ದೆನೋ ಮರೆತು ನಿಂತೆ. ತಿರುವನಂತಪುರದ ಉಳ್ಳೂರಿನ ಬಾಡಿಗೆ ಮನೆ, ಪಕ್ಕದ ಮನೆಯ ಚೇಚಿ...

ತೊಂಬತ್ತರ ದಶಕದ ಕೊನೆಯ ವರ್ಷಗಳು. ನನ್ನ ಗಂಡನಿಗೆ ಅಲ್ಲಿ ರಾಕೆಟ್‌ಗಳ ಕೆಲಸ. ಚೇಚಿ ಕಾಸರಗೋಡಿನವರು, ಕನ್ನಡ ಬಲ್ಲವರು. ಆದರೂ ಓಣಿಯವರೆಲ್ಲ ಕರೆಯುವಂತೆ ನಾನೂ ಅವರನ್ನು ಚೇಚಿ, ಅಂದರೆ ಅಕ್ಕ, ಎಂದೇ ಕರೆದೆ. ಚಿಕಿತ್ಸೆಗೆಂದು ಕೊಚ್ಚಿಗೆ ಹೊರಡುವ ಹಿಂದಿನ ದಿನ ಎಲ್ಲ ದಿನಗಳಂತೆಯೇ ಇತ್ತು. ಬೆಳಿಗ್ಗೆ ಅವರು ಕಾಂಪೌಂಡ್ ಗೋಡೆಯ ಮೇಲಿಂದ ಬೇಯಿಸಿದ ನೇಂದ್ರಬಾಳೆ ಕೊಟ್ಟರು. ಎದ್ದ ಕೂಡಲೇ ನಾನು ನೋಡುತ್ತಿದ್ದುದು ಅವರ ಮುಖವನ್ನೇ.

ಯಾರಿಗೂ ಹೇಳದ್ದನ್ನು ಅವರಿಗೆ ಹೇಳಿದ್ದೆ. ನಮ್ಮಿಬ್ಬರಿಂದ ಮಗು ಆಗುವಂತಿರಲಿಲ್ಲ. ಬೇರೆ ಯಾರೋ ದಂಪತಿ ತಮ್ಮ ಚಿಕಿತ್ಸೆ ಮುಗಿದ ಮೇಲೆ ಉಳಿದ ಭ್ರೂಣವನ್ನು ದಾನ ಕೊಟ್ಟಿದ್ದರು. ಕೊಚ್ಚಿಯ ವೈದ್ಯರು ಅದನ್ನು ನನ್ನ ಗರ್ಭದಲ್ಲಿ ಇಡುವವರಿದ್ದರು. ಅತ್ತೆಗೆ ತಿಳಿದರೆ ಮಗುವನ್ನು ಮನೆಯದೆಂದು ಒಪ್ಪುವುದಿಲ್ಲ ಎಂಬ ಭಯ ನನಗೆ.

ಗಂಡನಿಗೆ ರಜೆ ಸಿಗಲಿಲ್ಲ. ತಂಪಾನೂರಿನ ನಿಲ್ದಾಣದಲ್ಲಿ ಚೇಚಿಯೇ ನನ್ನ ಜೊತೆ ರೈಲು ಹತ್ತಿದರು. ಆಸ್ಪತ್ರೆಯಲ್ಲಿ ನಾನು ಒಳಗಿದ್ದಷ್ಟು ಹೊತ್ತೂ ಹೊರಗೆ ಬೆಂಚಿನ ಮೇಲೆ ಕಾದರು. ಆಮೇಲೆ ಫೋರ್ಟ್ ಕೊಚ್ಚಿಯಲ್ಲಿದ್ದ ತಮ್ಮ ತಂಗಿಯ ಮನೆಯಲ್ಲಿ ನನ್ನನ್ನು ಮಲಗಿಸಿದರು.

"ಯಾರದ್ದೋ ಏನೋ ಚೇಚಿ..." ಎಂದೆ.

"ಹೌದಾ? ಹಾಗಾದ್ರೆ ಅವರು ನಾಳೆ ವಾಪಸ್ ಕೇಳಿದ್ರೆ ಕೊಡ್ತೀಯಾ ಮಾರಾಯ್ತಿ?"

ನನ್ನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಅವರು ನಕ್ಕು ಕಿಟಕಿ ಮುಚ್ಚಿದರು.

ಮಗಳು ಹುಟ್ಟಿದಾಗ ಅತ್ತೆ ಮೈಸೂರಿನಿಂದ ಬಂದರು. ನನಗೆ ತೈಲ ಹಚ್ಚುವ ಕೆಲಸ ಮಾತ್ರ ಚೇಚಿ ಬಿಟ್ಟುಕೊಡಲಿಲ್ಲ. ಒಂದು ದಿನ ಅತ್ತೆ ಮಗುವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ನಮ್ಮ ಕಡೆಯ ಕಣ್ಣಲ್ಲ. ನಿಮ್ಮ ಕಡೆಯದೂ ಅಲ್ಲ. ಯಾರ ಹಾಗಿದೆ ಇದು?"

ಚೇಚಿ ಎಣ್ಣೆ ಕೈಯಲ್ಲೇ ತಿರುಗಿದರು.

"ಎಂತ ಹುಡುಕುವುದು ಅಮ್ಮ? ಮೂಗು ನೋಡಿ, ನಂದೇ! ಬಸುರಿ ದಿನಾ ಎದ್ದು ಯಾರ ಮುಖ ನೋಡ್ತಾಳೋ ಅವರ ಹಾಗೇ ಅಲ್ವಾ? ಇವಳು ನೋಡಿದ್ದು ನನ್ನ ಮುಸುಡು. ನಿಮ್ಮ ಮಗ ಮನೆಯಲ್ಲಿ ಇದ್ರಲ್ವಾ ಅವರ ಮುಖ ನೋಡ್ಲಿಕ್ಕೆ?"

ಅತ್ತೆ ಕೆಮ್ಮು ಬರುವಷ್ಟು ನಕ್ಕರು. "ನಮ್ಮಜ್ಜೀನೂ ಹಾಗೇ ಹೇಳ್ತಿದ್ರು ಕಣಮ್ಮ. ದಿನಾ ನನ್ನ ಫೋಟೋನಾದ್ರೂ ನೋಡೇ ಅಂತ ಇವಳಿಗೆ ಮೊದಲೇ ಹೇಳ್ಬೇಕಿತ್ತು!"

ಅಂದಿನಿಂದ ಮೊಮ್ಮಗಳಿಗೆ ಪಕ್ಕದ ಮನೆಯವಳ ಮೂಗು ಎಂದು ಊರೆಲ್ಲ ಹೇಳಿಕೊಂಡು ತಿರುಗಿದರು. ಮತ್ತೆ ಹೋಲಿಕೆ ಹುಡುಕಲಿಲ್ಲ. ಕೊನೆಯವರೆಗೂ ಅವಳನ್ನು ಮಡಿಲಿನಿಂದ ಇಳಿಸಲಿಲ್ಲ.

ಕೊಚ್ಚಿಯ ಮಾತನ್ನು ನನ್ನ ಗಂಡ ವರ್ಷಗಟ್ಟಲೆ ಎತ್ತಲಿಲ್ಲ. ಅವರ ಸ್ವಭಾವವೇ ಹಾಗೆ. ಮೈಸೂರಿಗೆ ಬಂದ ಮೇಲೆ ಒಬ್ಬಳೇ ಇದ್ದಾಗ ಚೇಚಿಗೆ ಫೋನ್ ಮಾಡುತ್ತಿದ್ದೆ. ಆ ವಿಷಯ ಮಾತಾಡದಿದ್ದರೂ, ಆ ಕಡೆ ಇರುವವರಿಗೆ ಎಲ್ಲ ಗೊತ್ತಿದೆ ಎನ್ನುವುದೇ ಸಾಕಾಗುತ್ತಿತ್ತು... ಹೋದ ವರ್ಷ ಅವರ ತಂಗಿ ಫೋನ್ ಮಾಡಿ, ಚೇಚಿ ಹೋದರು ಎಂದರು.

ಅದಾದ ಮೇಲೆಯೇ ನಾವು ಮಗಳಿಗೆ ಎಲ್ಲ ಹೇಳಿದ್ದು. ಅವಳು ಅಳಲಿಲ್ಲ. ಚೇಚಿಯನ್ನು ಅವಳು ಮಲಯಾಳಿಗಳಂತೆ ವಲ್ಯಮ್ಮ, ಅಂದರೆ ದೊಡ್ಡಮ್ಮ, ಎನ್ನುತ್ತಿದ್ದಳು.

"ವಲ್ಯಮ್ಮಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನೀನು ಒಳಗಿದ್ದಾಗ ಹೊರಗೆ ಕೂತು ಅವರು ಏನು ಅಂದ್ಕೊಂಡಿರ್ತಾರಮ್ಮ?"

ನಾನು ಎಂದೂ ಕೇಳಿರಲಿಲ್ಲ. ಅದನ್ನು ಚೇಚಿಯೇ ಹೇಳಬೇಕಿತ್ತು. ಚೇಚಿ ಇಲ್ಲ.