ಕುಂಕುಮ ಹತ್ತಿದ ಐಸ್ ಹಾಕಿ

ಖಂಡೇನವಮಿಯ ಆಯುಧಪೂಜೆಯಲ್ಲಿ ಕುಂಕುಮವನ್ನು ಹಚ್ಚುವುದು ಸುಲಭ, ಬಿಡಿಸುವುದು ಕಷ್ಟ. ಮಿಕ್ಸರಿನ ಗುಂಡಿಯ ಸಂದಿಯಲ್ಲಿ, ಹೊಲಿಗೆ ಯಂತ್ರದ ಗಾಲಿಯಲ್ಲಿ, ನಮ್ಮವರ ಸೈಕಲ್ಲಿನ ಗಂಟೆಯ ಮೇಲೆ ಅದು ದೀಪಾವಳಿಯವರೆಗೂ ಆರಾಮಾಗಿ ಕುಳಿತಿರುತ್ತದೆ. ಒದ್ದೆ ಬಟ್ಟೆ ಹಿಡಿದು ಒಂದೊಂದೇ ವಸ್ತುವಿನ ಹಣೆ ಒರೆಸುವಾಗ, ಹೋಳಿಗೆ ತಿಂದು ಹಾಗೇ ನಿದ್ದೆಹೋದ ಮಕ್ಕಳ ಮುಖ ತೊಳೆಸಿದಂತೆ ಅನ್ನಿಸುತ್ತದೆ ನನಗೆ. ವರ್ಷವಿಡೀ ದುಡಿದವುಗಳಿಗೆ ಒಂದು ದಿನವಾದರೂ ಕೈಮುಗಿಯುವ ಬುದ್ಧಿಯನ್ನು ಹಿರಿಯರಿಗೆ ಕೊಟ್ಟ ದೇವರು ದೊಡ್ಡವನು; ಅಂದು ಕೆಟ್ಟು ನಿಂತ ಇಸ್ತ್ರಿ ಪೆಟ್ಟಿಗೆಯೂ ತಾನೊಂದು ಆಯುಧವೆಂಬ ಅಭಿಮಾನದಲ್ಲಿ ಹೊಳೆಯುತ್ತದೆ.

ಈ ಸಾಲಿನ ಕಡೆಯಲ್ಲಿ, ನಿಮಗೆ ನಗು ಬಂದೀತು, ನಮ್ಮ ಮನೆಯಲ್ಲೊಂದು ವಿಡಿಯೋ ಗೇಮಿನ ಕ್ಯಾಸೆಟ್ಟೂ ಕೂರುತ್ತದೆ. ಅಂಗೈಯಗಲದ ಕರಿ ಪ್ಲಾಸ್ಟಿಕ್ಕು. ಅದರ ಮೇಲೆ ಹೆಲ್ಮೆಟ್ ತೊಟ್ಟು, ಬಾಗಿದ ಕೋಲು ಹಿಡಿದು, ಮಂಜುಗಡ್ಡೆಯ ಮೇಲೆ ಜಾರುತ್ತಿರುವ ಆಟಗಾರನ ಚಿತ್ರ. ಐಸ್ ಹಾಕಿ. ಫ್ರಿಜ್ಜಿನ ಹೊರಗೆ ಮಂಜುಗಡ್ಡೆಯನ್ನೇ ಕಾಣದ ದಾಂಡೇಲಿಯ ಗೃಹಿಣಿಯ ದೇವರ ಮುಂದೆ ಅವನು ಹೇಗೆ ಬಂದು ಕುಳಿತನೆಂದು ಹೇಳಬೇಕಾದರೆ ಮೆಹಬೂಬಿಯಿಂದಲೇ ಶುರುಮಾಡಬೇಕು.

ನಮ್ಮವರು ಕಾಗದದ ಕಾರ್ಖಾನೆಯಲ್ಲಿದ್ದಾಗ ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವಳ ಗಂಡ ಅದೇ ಕಾರ್ಖಾನೆಯ ಮೆಕ್ಯಾನಿಕ್. ದುಬೈಯಲ್ಲಿದ್ದ ಅವಳ ತಮ್ಮ ಸೋದರಳಿಯನಿಗೆಂದು ಒಂದು ಗೇಮಿನ ಮಶೀನನ್ನೂ ಈ ಕ್ಯಾಸೆಟ್ಟನ್ನೂ ತಂದುಕೊಟ್ಟ. ಹುಡುಗನಿಗೋ ಕಾಳಿ ನದಿಯ ಮೀನಿನ ಮೇಲಿದ್ದ ಪ್ರೀತಿ ಇದರ ಮೇಲೆ ಹುಟ್ಟಲಿಲ್ಲ. ಹೀಗಾಗಿ ಗಂಡಸರು ಪಾಳಿಗೆ, ಮಕ್ಕಳು ಶಾಲೆಗೆ ಹೋದ ಮಧ್ಯಾಹ್ನಗಳಲ್ಲಿ ಅಂತರರಾಷ್ಟ್ರೀಯ ಐಸ್ ಹಾಕಿಯ ಹೊಣೆ ನಮ್ಮಿಬ್ಬರ ಹೆಗಲೇರಿತು. ಮೊದಮೊದಲು ನಾನದನ್ನು ಕಸ ಹೊಡೆಯುವ ಪಂದ್ಯವೆಂದೇ ತಿಳಿದಿದ್ದೆ. ಹಿಟ್ಟು ಚೆಲ್ಲಿದಂತಹ ಬಿಳಿ ಅಂಗಳ, ಎಲ್ಲರ ಕೈಯಲ್ಲೂ ಪೊರಕೆ, ಎಷ್ಟು ಗುಡಿಸಿದರೂ ಹೊರಗೆ ಹೋಗದ ಒಂದು ಕರಿ ಬಿಲ್ಲೆ! ಆ ಆಟದಲ್ಲಿ ನನಗೆ ಬಹಳ ಹಿಡಿಸಿದ್ದು ಒಂದೇ ಕಾಯಿದೆ: ಅಡ್ಡಾದಿಡ್ಡಿ ಆಡಿದವನನ್ನು ಎರಡು ನಿಮಿಷ ಹೊರಗೆ ಕೂಡಿಸುತ್ತಾರೆ, ಆಮೇಲೆ ಏನೂ ಆಗಿಲ್ಲವೆಂಬಂತೆ ಒಳಗೆ ಕರೆದುಕೊಳ್ಳುತ್ತಾರೆ. ಎಂದೋ ಆಡಿದ ಮಾತನ್ನು ಉಪ್ಪಿನಕಾಯಿಯಂತೆ ಭರಣಿಯಲ್ಲಿಟ್ಟು ಹಬ್ಬಕ್ಕೊಮ್ಮೆ ತೆಗೆದು ಬಡಿಸುವ ಬಂಧುಬಳಗದಲ್ಲಿ ಬೆಳೆದ ನನಗೆ ಇದು ದೊಡ್ಡ ಧರ್ಮವಾಗಿ ಕಂಡಿತು. ಮುಂದೆ ನಳದ ನೀರಿಗೋ ಮತ್ತೊಂದಕ್ಕೋ ನಾವೇ ಜಗಳಾಡಿದಾಗ, "ವೈನಿ, ತಪ್ಪ ನಿಮ್ದ. ಎರಡು ನಿಮಿಷ ಹೊರಗ ಕುಂದರ್ರಿ" ಎಂದು ಮೆಹಬೂಬಿ ಕಟ್ಟೆ ತೋರಿಸುತ್ತಿದ್ದಳು. ನಾನು ಕೂರುತ್ತಿದ್ದೆ. ಅವಳ ಸರದಿ ಬಂದಾಗ ಅವಳೂ ಕೂತಿದ್ದಾಳೆ.

ಇನ್ನೊಂದು ಕರಾರಿತ್ತು. ಮಶೀನು ಅವಳ ಮನೆಯಲ್ಲಿ, ಕ್ಯಾಸೆಟ್ಟು ನನ್ನ ಮನೆಯಲ್ಲಿ. ಒಬ್ಬಳೇ ಕದ್ದು ಅಭ್ಯಾಸ ಮಾಡಿ ಇನ್ನೊಬ್ಬಳನ್ನು ಸೋಲಿಸಬಾರದಲ್ಲ! ಮೊದಲ ವರ್ಷ ಖಂಡೇಪೂಜೆಯಲ್ಲಿ ಕ್ಯಾಸೆಟ್ಟನ್ನು ಕಂಡು, "ಇದ್ಯಾವ ಆಯುಧ ವೈನಿ?" ಎಂದು ನಕ್ಕಳು. "ಮನೀ ಚಿಂತಿ ಮರಸೂ ಕೆಲಸಾ ಮಾಡೇತಲ್ಲ ಮಾರಾಯ್ತಿ, ಅದ್ಕ" ಎಂದೆ. ಅವಳ ಗಂಡ ನಿವೃತ್ತನಾಗಿ ಅವರು ಮುಂಡಗೋಡಕ್ಕೆ ಹೋದರು. ನಾವು ಇಲ್ಲೇ ಪುಟ್ಟ ಮನೆ ಮಾಡಿಕೊಂಡೆವು. ಆಟ ನಿಂತಿತು, ಕುಂಕುಮ ನಿಲ್ಲಲಿಲ್ಲ.

ಈ ಸಲದ ಪೂಜೆಯ ಫೋಟೋವನ್ನು ಗಣೇಶಗುಡಿಯ ಹೋಂಸ್ಟೇಯಲ್ಲಿ ಕೆಲಸ ಮಾಡುವ ಮಗಳು ಸವಿತಾ ತನ್ನ ಸ್ಟೇಟಸ್ಸಿಗೆ ಹಾಕಿದಳು. ಅಲ್ಲಿ ಇಳಿದಿದ್ದ ಬೆಂಗಳೂರಿನ ಅತಿಥಿಯೊಬ್ಬ ಅದನ್ನು ನೋಡಿದ್ದೇ, ದಸರೆಯ ಮರುದಿನ ನಾನು ಮಿಕ್ಸರು ಒರೆಸುತ್ತಿರುವಾಗ ಬಾಗಿಲಿಗೆ ಬಂದ. ಹಳೆಯ ಗೇಮುಗಳನ್ನು ಕೂಡಿಡುವ ಹವ್ಯಾಸವಂತೆ ಅವನದು. ಟ್ರಂಕಿನಲ್ಲಿ ಡಾಂಬರು ಗುಳಿಗೆಗಳ ನಡುವೆ ಇಟ್ಟಿದ್ದ ಅದರ ರಟ್ಟಿನ ಡಬ್ಬವನ್ನೂ ಒಳಗಿನ ಪುಸ್ತಿಕೆಯನ್ನೂ ಕಂಡಾಗ, ಉಳವಿಯಲ್ಲಿ ಚೆನ್ನಬಸವಣ್ಣನ ಮುಂದೆ ನಾನು ನಿಲ್ಲುವ ಹಾಗೆ ನಿಂತುಬಿಟ್ಟ. ಆಮೇಲೆ ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದ.

"ಇದೇನಮ್ಮಾ, ತುಕ್ಕಾ?"

"ತುಕ್ಕಲ್ಲಪಾ, ಕುಂಕುಮ."

"ಪ್ರತಿ ವರ್ಷ ಹಚ್ತೀರಾ?"

"ಒಂದ ವರ್ಷನೂ ತಪ್ಪಿಸಿಲ್ಲ."

ಪಾಪ, ಒಣಹಾಕಿದ ಹಪ್ಪಳದ ಮೇಲೆ ಮಳೆ ಬಂದಂತಾಯಿತು ಅವನ ಮುಖ. ಅಂಗಡಿಯಿಂದ ಬಂದ ಹಾಗೆಯೇ ಇದ್ದರೆ ಇಂಥವಕ್ಕೆ ಬೆಲೆಯಂತೆ. ಕೈ ತಗುಲಿದಷ್ಟೂ ಕಡಿಮೆಯಂತೆ. ಆ ಮಾನದಂಡ ಹಿಡಿದರೆ ನಮ್ಮ ಮನೆಯ ಯಾವ ಪಾತ್ರೆಗೂ, ಮುಖ್ಯವಾಗಿ ನನ್ನ ಮೊಣಕಾಲಿಗೆ, ಈ ಲೋಕದಲ್ಲಿ ಗಿರಾಕಿ ಸಿಗಲಾರರು. ಆದರೂ ಅವನು ಹೇಳಿದ ಬೆಲೆ ನನ್ನ ಕೈಬಳೆಗಳನ್ನು ನಾಚಿಸುವಂತಿತ್ತು. ನಾನು ನಮ್ಮವರ ಮುಖ ನೋಡಿದೆ. "ಅರ್ಧಾ ಆಕೀದು. ಕೇಳದ ಹ್ಯಾಂಗ ಕೊಡ್ತಿ?" ಎಂದರು ಅವರು. ಫೋನಿನಲ್ಲಿ ಕೇಳುವ ಮಾತಲ್ಲ ಅದು. ಹೇಗೂ ಅವಳಿಗೆ ದಸರೆಯ ಬನ್ನಿ ಎಲೆ ಕೊಡುವುದಿತ್ತು. ಮರುದಿನ ಕ್ಯಾಸೆಟ್ಟನ್ನು ಚೀಲದಲ್ಲಿಟ್ಟುಕೊಂಡು ಮುಂಡಗೋಡಕ್ಕೆ, ಮೆಹಬೂಬಿಯ ಮನೆಗೆ ಹೊರಟೆ.

ಹಳಿಯಾಳದಲ್ಲಿ ಬಸ್ಸು ಬದಲಿಸುವಾಗಲೇ ಎದೆಯಲ್ಲಿ ಅಂಜಿಕೆ ಸುರುವಾಯಿತು. ಅವಳ ಮಗ ಹೊಸ ಗ್ಯಾರೇಜು ಹಾಕುವವನಿದ್ದ. ಅವಳು ಮಾರೆಂದರೆ ತಪ್ಪಿಲ್ಲ. ಆದರೆ "ಅದಿನ್ನಾ ಇಟ್ಟೀರೇನು? ಮಾರಿಬಿಡ್ರಿ" ಎಂದು ನಕ್ಕು ಸುಮ್ಮನಾದರೆ? ನಾನು ವರ್ಷ ವರ್ಷ ಹಣೆಗೆ ಕುಂಕುಮವಿಟ್ಟು ಕಾಯ್ದ ಆ ಮಧ್ಯಾಹ್ನಗಳು ಅವಳಿಗೆ ಬರೀ ಹೊತ್ತುಗಳೆಯುವ ಆಟವಾಗಿದ್ದರೆ? ವಸ್ತುವಿನ ಬೆಲೆ ಕಟ್ಟುವವರು ಊರೂರಿಗೂ ಸಿಕ್ಕಾರು. ಇದಕ್ಕೆ ಬೆಲೆ ಕಟ್ಟಬಲ್ಲವಳು ಅವಳೊಬ್ಬಳೇ. ದಾರಿಯುದ್ದಕ್ಕೂ ದೇವರ ನಾಮ ನೆನೆದೆ. ನಡುನಡುವೆ ಕಡಲೆಯನ್ನೂ ತಿಂದೆ.

ಅಂಗಳದಲ್ಲಿ ಅಕ್ಕಿ ಹಸನು ಮಾಡುತ್ತಿದ್ದವಳು ಎದ್ದು ಬಂದು ಅಪ್ಪಿಕೊಂಡಳು. "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದು ಕೈಗೆ ಎಲೆಯಿಟ್ಟೆ. ಒಳಗೆ ಕೂತು ಚಹಾ ಕುಡಿಯುತ್ತ ವಿಷಯ ಹೇಳಿದೆ, ಬೆಲೆಯನ್ನೂ ಹೇಳಿದೆ. ಅವಳು ನಗಲಿಲ್ಲ.

"ನಿಮಗ ಮಾರಬೇಕ ಅನಸ್ತೈತೇನ್ ವೈನಿ?"

"ನಿಂದೂ ಅರ್ಧ ಐತಿ. ಮಗನ ಗ್ಯಾರೇಜ್ ಬ್ಯಾರೆ..."

"ಗ್ಯಾರೇಜ್ ಅಂವಾ ಮಾಡ್ಕೋತಾನ. ನಾ ಕೇಳಿದ್ದು ನಿಮ್ಮನ್ನ."

ನಾನು ಚೀಲದಿಂದ ಕ್ಯಾಸೆಟ್ಟು ತೆಗೆದೆ. ಅವಳು ನನ್ನ ಕೈಯಿಂದ ಕ್ಯಾಸೆಟ್ಟು ತೆಗೆದುಕೊಂಡು, ಕೆಂಪು ಹತ್ತಿದ ಮೂಲೆಯ ಮೇಲೆ ಬೆರಳಾಡಿಸಿದಳು.

"ಹಣಿಗಿ ಕುಂಕುಮ ಹಚ್ಚಿದ್ದನ್ನ ಮಾರಾಕ ಕೇಳ್ಕೋತ ಬಂದೀರಿ. ಏಳ್ರಿ. ಎರಡು ನಿಮಿಷ ಹೊರಗ ಕುಂದರ್ರಿ."

ಮೊಮ್ಮಕ್ಕಳಿಗೆ ಬುದ್ಧಿ ಹೇಳುವ ವಯಸ್ಸಿನಲ್ಲಿ ಹೊರಗೆ ಕಟ್ಟೆಯ ಮೇಲೆ ಶಿಕ್ಷೆಗೆ ಕೂತೆ. ರಸ್ತೆಯಲ್ಲಿ ಹೊರಟಿದ್ದ, ಅಲ್ಲಿಯ ಟಿಬೆಟನ್ ಕ್ಯಾಂಪಿನ ಸನ್ಯಾಸಿಯೊಬ್ಬರು ನನ್ನನ್ನು ನೋಡಿ ನಕ್ಕರು. ಮಂಜುಗಡ್ಡೆಯ ನಾಡಿನವರಿಗೆ ಈ ಕಾಯಿದೆ ಗೊತ್ತಿರಬೇಕು. ಒಳಗೆ ಟ್ರಂಕು ತೆರೆದ ಸದ್ದಾಯಿತು.

"ಮುಗೀತು, ಒಳಗ ಬರ್ರಿ!"

ಮಂಚದ ಮೇಲೆ ಅವಳ ಹಳೆಯ ಓಢಣಿಯಲ್ಲಿ ಸುತ್ತಿದ ಮಶೀನು ಕೂತಿತ್ತು.

"ಚಾಲೂ ಆಗ್ತೈತೋ ಇಲ್ಲೋ ಅಲ್ಲಾನೇ ಬಲ್ಲ. ಜೋಡಸಾಕ ಆ ಟೀವಿನೂ ಇಲ್ಲ ಈಗ. ಆದ್ರ ಮಶೀನ್ ನನ್ನ ಕಡೆ ಐತಿ, ಕ್ಯಾಸೆಟ್ ನಿಮ್ಮ ಕಡೆ ಐತಿ. ಕರಾರು ಮುರದಿಲ್ಲ, ಹೌದಲ್ರಿ?"

ಹೌದೆಂದು ಅವಳ ಕೈಯಿಂದ ಕ್ಯಾಸೆಟ್ಟು ತೆಗೆದುಕೊಂಡು ಮತ್ತೆ ಚೀಲಕ್ಕೆ ಸೇರಿಸಿದೆ. ಸಂಜೆ ಸವಿತಾ ಆ ಅತಿಥಿಗೆ ಕೊಡುವುದಿಲ್ಲವೆಂದು ತಿಳಿಸಿದಳು. ಒಳ್ಳೆಯ ಹುಡುಗ, ಹಾಗಾದರೆ ಜೋಪಾನವಾಗಿಡಿ ಎಂದನಂತೆ.

ಅಂದು ಅರ್ಧಕ್ಕೆ ಬಿಟ್ಟ ಕೆಲಸಕ್ಕೆ ಇಂದು ಮತ್ತೆ ಒದ್ದೆ ಬಟ್ಟೆ ಹಿಡಿದು ಕೂತಿದ್ದೇನೆ. ಮಿಕ್ಸರಿನ ಹಣೆ ಒರೆಸಿದೆ, ಸೈಕಲ್ಲಿನ ಗಂಟೆ ಒರೆಸಿದೆ, ಹೊಲಿಗೆ ಯಂತ್ರದ ಸಂದಿಗೆ ಕಡ್ಡಿ ಹಾಕಿ ತೆಗೆದೆ. ಕ್ಯಾಸೆಟ್ಟಿನವರೆಗೆ ಬಂದ ಕೈ ಮಾತ್ರ ನಿಂತಿತು. ವರ್ಷಗಟ್ಟಲೆ ಬರಿಯ ಮಂಜಿನ ಮೇಲೆ ಜಾರುತ್ತಿರುವ ಜೀವ. ಅಷ್ಟು ಕುಂಕುಮವಾದರೂ ಅವನ ಹಣೆಗೆ ಬೆಚ್ಚಗಿರಲಿ.